ಪ್ಲೇಸ್‌ಮೆಂಟ್ ಪರೀಕ್ಷೆಗೆ ವಾಕ್ಯ ತಿದ್ದುವ ಅಭ್ಯಾಸ

ಹೊಸ ವಿದ್ಯಾರ್ಥಿ ಯಾವ ಹಂತದ ಇಂಗ್ಲಿಷ್ ತರಗತಿಗೆ ಸೇರಬೇಕೆಂದು ನಿರ್ಧರಿಸಲು ಅಮೆರಿಕದ ಅನೇಕ ಕಮ್ಯುನಿಟಿ ಕಾಲೇಜುಗಳು ಕಾಲೇಜ್ ಬೋರ್ಡ್ ರೂಪಿಸಿದ ಅಕ್ಯುಪ್ಲೇಸರ್ ಪರೀಕ್ಷೆಯನ್ನು ಬಳಸುತ್ತವೆ. ಇದರ ಬರವಣಿಗೆ ವಿಭಾಗದಲ್ಲಿ 25 ಬಹುಆಯ್ಕೆ ಪ್ರಶ್ನೆಗಳಿರುತ್ತವೆ. ಅಂಕ 200ರಿಂದ 300ರವರೆಗೆ. ಪಾಸು, ಫೇಲು ಎಂಬುದಿಲ್ಲ, ಕಾಲಮಿತಿಯೂ ಇಲ್ಲ. ಪ್ರಬಂಧದ ಕರಡನ್ನು ಓದಿ, ಸೂಚಿಸಿದ ಭಾಗಕ್ಕೆ ಸರಿಯಾದ ತಿದ್ದುಪಡಿಯನ್ನು ಆರಿಸಬೇಕು.

ಕೆಲವು ತಪ್ಪುಗಳು ಮತ್ತೆ ಮತ್ತೆ ಎದುರಾಗುತ್ತವೆ. ‘ದಿ ಬಾಕ್ಸ್ ಆಫ್ ಬುಕ್ಸ್ ಆರ್ ಹೆವಿ’ ಎಂಬಲ್ಲಿ ಕರ್ತೃಪದ ‘ಬಾಕ್ಸ್’. ಅದು ಏಕವಚನವಾದ್ದರಿಂದ ‘ಈಸ್’ ಬರಬೇಕು. ‘ವಾಕಿಂಗ್ ಟು ಕಾಲೇಜ್, ದಿ ರೇನ್ ಸ್ಟಾರ್ಟೆಡ್’ ಎಂದರೆ ಕಾಲೇಜಿಗೆ ನಡೆದದ್ದು ಮಳೆಯೇ ಎಂದಾಗುತ್ತದೆ. ‘ವೈಲ್ ಐ ವಾಸ್ ವಾಕಿಂಗ್’ ಎಂದು ತಿದ್ದಿದರೆ ನಡೆದವರು ಯಾರೆಂದು ಸ್ಪಷ್ಟ. ಎರಡು ಪೂರ್ಣ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಜೋಡಿಸುವುದು ಇನ್ನೊಂದು ತಪ್ಪು. ಅಲ್ಲಿ ಪೂರ್ಣವಿರಾಮ ಅಥವಾ ಅರ್ಧವಿರಾಮ ಬೇಕು. ಕನ್ನಡ ಮನೆಮಾತಿನವರು ‘ಎ’, ‘ದಿ’ಗಳ ಬಳಕೆಗೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಕನ್ನಡದಲ್ಲಿ ಅವುಗಳಿಗೆ ಸಾಟಿಯಾದ ಪದಗಳಿಲ್ಲ.

ಅಭ್ಯಾಸಕ್ಕೊಂದು ಕ್ರಮವಿದೆ. ಮೊದಲು ಇಡೀ ಪ್ಯಾರಾ ಓದಬೇಕು. ಬಳಿಕ ವಾಕ್ಯದ ಕರ್ತೃ, ಕ್ರಿಯಾಪದಗಳನ್ನು ಹುಡುಕಿ, ಆಯ್ಕೆಗಳನ್ನು ನೋಡುವ ಮೊದಲೇ ತಾವೇ ತಿದ್ದಿ ನೋಡಬೇಕು. ಹಿಂದಿನ, ಮುಂದಿನ ವಾಕ್ಯಗಳೊಂದಿಗೆ ಅರ್ಥ ಕೂಡುವುದೇ ಎಂದು ಪರಿಶೀಲಿಸಬೇಕು. ತಪ್ಪಾದ ಉತ್ತರಗಳನ್ನು ನಿಯಮವಾರು ಬರೆದಿಟ್ಟರೆ ಯಾವ ನಿಯಮ ಇನ್ನೂ ಗಟ್ಟಿಯಾಗಬೇಕೆಂದು ತಿಳಿಯುತ್ತದೆ. ಕಾಲೇಜ್ ಬೋರ್ಡ್ ಉಚಿತ ಮಾದರಿ ಪ್ರಶ್ನೆಗಳನ್ನೂ ಒದಗಿಸುತ್ತದೆ. ಹೀಗೆ ಕಲಿತ ತಿದ್ದುವ ಕೌಶಲ ಮುಂದೆ ಕಾಲೇಜಿನ ಪ್ರತಿಯೊಂದು ಪ್ರಬಂಧಕ್ಕೂ ನೆರವಾಗುತ್ತದೆ.