ಇಬ್ಬರ ಜಗಳ, ನಮಗೆ ಲಾಭ

‘ಇಬ್ಬರ ಜಗಳ ಮೂರನೆಯವನಿಗೆ ಲಾಭ’ ಅನ್ನೋ ಗಾದೆ ಪ್ರೊಸೆಸರ್ ವಿಷಯದಲ್ಲಂತೂ ನೂರಕ್ಕೆ ನೂರು ನಿಜ. ಆ ಮೂರನೆಯವರು ನಾವೇ!

ಇಂಟೆಲ್‌ನ ನಾಲ್ಕು ಕೋರ್ ಪ್ರೊಸೆಸರ್ 2007ರಲ್ಲೇ ಸಾಮಾನ್ಯ ಡೆಸ್ಕ್‌ಟಾಪ್‌ಗೆ ಬಂದಿತ್ತು. ಹತ್ತು ವರ್ಷ ಬಿಟ್ಟು, 2017ರ ಜನವರಿಯಲ್ಲಿ ಬಂದ ಐ7-7700ಕೆಯಲ್ಲೂ ಅದೇ ನಾಲ್ಕು! 2011ರ ಬುಲ್‌ಡೋಜರ್ ಸೋತು ಎಎಂಡಿ ಹಿಂದೆ ಬಿದ್ದಿತ್ತು. ಇಂಟೆಲ್‌ಗೆ ಅವಸರವಾದರೂ ಏನಿತ್ತು ಹೇಳಿ? ಎಂಟು ಕೋರ್ ಬೇಕಂದ್ರೆ ಸಾವಿರ ಡಾಲರ್‌ಗೂ ಮೇಲೆ.

2017ರ ಮಾರ್ಚ್‌ನಲ್ಲಿ ಎಎಂಡಿ ರೈಜನ್ ತಂತು. ಎಂಟು ಕೋರಿನ ರೈಜನ್ 7 1700ಕ್ಕೆ ಬರೀ 329 ಡಾಲರ್! ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಟೆಲ್‌ನ ಐ7 ಆರು ಕೋರ್ ಆಯ್ತು, 2018ರಲ್ಲಿ ಐ9 ಎಂಟು. ಹತ್ತು ವರ್ಷ ಆಗದ್ದು ಎರಡೇ ವರ್ಷದೊಳಗೆ ಆಗಿಹೋಯ್ತು.

ಆಗ ನಾನು ಇಂಜಿನಿಯರಿಂಗ್ ಓದ್ತಿದ್ದೆ. ನಾಲ್ಕು ಕೋರಿಗೆ ಅಂತ ಅಪ್ಪ ಕೊಟ್ಟ ದುಡ್ಡಲ್ಲಿ ಆರು ಕೋರಿನ ರೈಜನ್ 5 ಬಂತು. ಕಂಪೈಲ್‌ಗೆ ಹಾಕಿ ಟೀ ಕುಡಿಯೋಕೆ ಹೋಗ್ತಿದ್ದವನಿಗೆ ಇದು ಸಣ್ಣ ವಿಷಯ ಅಲ್ಲ :)

ಹಾಗಂತ ಎಎಂಡಿಯೇನೂ ಧರ್ಮಛತ್ರ ಅಲ್ಲ. 2020ರಲ್ಲಿ ತಾನು ಮುಂದೆ ಹೋದದ್ದೇ ತಡ, ಆರು ಕೋರಿನ 5600ಎಕ್ಸ್‌ಗೆ 299 ಡಾಲರ್ ಇಟ್ಟಿತು. ಹಿಂದಿನ 3600ಎಕ್ಸ್ 249ಕ್ಕೆ ಬಂದಿತ್ತು!

ಅದಕ್ಕೇ ನಾನು ಯಾರಿಗೂ ಜೈ ಅನ್ನಲ್ಲ. ಇಬ್ಬರೂ ಗಟ್ಟಿಯಾಗಿರಲಿ, ಜಗಳ ನಡೀತಾನೇ ಇರಲಿ. ನೀವೇನಂತೀರಾ?