ಹೇಳದೆ ಬಿಟ್ಟ ಪಾಠ



ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಶಾಲೆಗಳಲ್ಲಿ ಮೂರು ದಶಕ ವಿಜ್ಞಾನ ಕಲಿಸಿದೆ. ಹೇಳದೆ ಬಿಟ್ಟ ಒಂದು ಪಾಠ ಮಾತ್ರ ಇಂದಿಗೂ ನನ್ನನ್ನು ಕಾಡುತ್ತದೆ.

1996ರ ಮಾತು. ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆ ನಿಪ್ಪಾಣಿಯ ಹೆದ್ದಾರಿಯಲ್ಲಿ ಲಾರಿ ಓಡಿಸುತ್ತಿದ್ದವರು, ಬಹುಕಾಲ ನವೆದು ತೀರಿಕೊಂಡರು. ಏಡ್ಸ್ ಅಂತೆ ಎಂಬ ಸುದ್ದಿ ಕಾಗವಾಡದವರೆಗೂ ಹಬ್ಬಿತು. ಮರುವಾರ ಪಾಲಕರಿಬ್ಬರು ಬಂದು, "ಸರ, ನಮ್ಮ ಹುಡುಗನ್ನ ಅವನ ಬಾಜೂಕ ಕೂಡಿಸಬ್ಯಾಡ್ರಿ" ಎಂದರು. ನಾನು ಎದುರಾಡಲಿಲ್ಲ. ಆ ಹುಡುಗನನ್ನು ಹಿಂದಿನ ಬೆಂಚಿನಲ್ಲಿ ಒಬ್ಬನನ್ನೇ ಕೂಡಿಸಿದೆ.

ರೋಗದ ಕಾರಣ ನನಗೆ ತಿಳಿದಿರಲಿಲ್ಲವೆ? ತಿಳಿದಿತ್ತು. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸಿನ ಐವರು ಯುವಕರ ಅಪರೂಪದ ನ್ಯುಮೋನಿಯಾ ವರದಿಯಾದಾಗ ಕಾರಣ ಜಗತ್ತಿಗೇ ತಿಳಿದಿರಲಿಲ್ಲ. 1982ರಲ್ಲಿ ಹಿಮೋಫಿಲಿಯಾ ರೋಗಿಗಳಲ್ಲಿಯೂ ಅದು ಕಂಡಾಗ, ಇದು ರಕ್ತದಲ್ಲಿ ಸಾಗುವ ಸೋಂಕು ಎಂಬ ಅನುಮಾನ ಬಲಿಯಿತು. 1983ರ ಆರಂಭದಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫ್ರಾಂಸ್ವಾಜ್ ಬಾರೆ-ಸಿನೂಸಿ, ಲುಕ್ ಮೊಂತಾನ್ಯೆ ಮತ್ತು ಸಂಗಡಿಗರು ರೋಗಿಯೊಬ್ಬನ ದುಗ್ಧಗ್ರಂಥಿಯ ಜೀವಕೋಶಗಳನ್ನು ಬೆಳೆಸಿದರು. ರೆಟ್ರೊವೈರಸ್ಸಿನ ಗುರುತಾದ ಕಿಣ್ವವೇನೋ ಕಂಡಿತು. ಆದರೆ ಜೀವಕೋಶಗಳೇ ಸಾಯತೊಡಗಿದವು. ಆಗ ರಕ್ತದಾನಿಯ ಹೊಸ ಬಿಳಿರಕ್ತಕಣಗಳನ್ನು ಕೂಡಿಸಿದರು. ಹೆಪ್ಪು ಹೊಸ ಹಾಲನ್ನು ಹಿಡಿಯುವಂತೆ ಅದು ಆ ಕಣಗಳನ್ನೂ ಹಿಡಿಯಿತು. ಕಿಣ್ವ ಮತ್ತೆ ಏರಿತು. ಕೊಲ್ಲುತ್ತಿದ್ದದ್ದು ವೈರಸ್ಸೇ! 1984ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೊ ತಂಡ ಇದೇ ರೋಗಕಾರಕವೆನ್ನಲು ಬಲವಾದ ಆಧಾರ ಒದಗಿಸಿತು. 1986ರಲ್ಲಿ ಎಚ್‌ಐವಿ ಎಂಬ ಹೆಸರು ಬಂತು. ಅದೇ ವರ್ಷ ಚೆನ್ನೈಯಲ್ಲಿ ವೈದ್ಯೆ ಸುನೀತಿ ಸೊಲೊಮನ್ ಅವರ ಶಿಷ್ಯೆ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಭಾರತದ ಮೊದಲ ಸೋಂಕುಗಳು ಪತ್ತೆಯಾದವು.

ಅಂದರೆ ನನ್ನ ತರಗತಿಯ ಆ ದಿನಕ್ಕೆ ಹತ್ತು ವರ್ಷ ಮೊದಲೇ ಎಲ್ಲವೂ ಸ್ಪಷ್ಟವಾಗಿತ್ತು. ಲೈಂಗಿಕ ಸಂಪರ್ಕ, ರಕ್ತ, ಸೂಜಿ, ತಾಯಿಯಿಂದ ಮಗುವಿಗೆ: ಹರಡುವ ದಾರಿಗಳು ಇವಿಷ್ಟೇ. ಬೆಂಚು ಆ ಪಟ್ಟಿಯಲ್ಲಿರಲಿಲ್ಲ. ಅದನ್ನು ಕರಿಹಲಗೆಯ ಮೇಲೆ ಬರೆಯಲು ಐದು ನಿಮಿಷ ಸಾಕಿತ್ತು. ಪಾಲಕರು ಏನೆಂದಾರು ಎಂಬ ಅಳುಕಿನಿಂದ ನಾನು ಬರೆಯಲಿಲ್ಲ.

ದಸರೆ ರಜೆಯ ನಂತರ ಹುಡುಗ ಶಾಲೆಗೆ ಬರಲಿಲ್ಲ.

2004ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ. ಅದನ್ನು ತಪ್ಪದೆ ಸೇವಿಸುವವರು ದೀರ್ಘಕಾಲ ಬಾಳುತ್ತಾರೆ. ಆದರೆ ನನ್ನ ಮೌನಕ್ಕೆ ಔಷಧವಿಲ್ಲ. ಆ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಆತ ಎಲ್ಲಿರುವನೆಂದು ಬಲ್ಲವರಿದ್ದರೆ, ಮಾಸ್ತರರು ಕ್ಷಮೆ ಕೇಳಿದ್ದಾರೆಂದು ದಯವಿಟ್ಟು ತಿಳಿಸಿರಿ.