ನೆಲಮಾಳಿಗೆಗೆ ಬಂದ ಕಡಲು

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನ ಸಮುದ್ರ ನೋಡಿದ್ದೀರಿ? ಹೊನ್ನಾವರ, ಕುಮಟಾ, ಭಟ್ಕಳದ ಕಡಲಬದಿಯ ಶಾಲೆಗಳಲ್ಲಿ ಈ ಪ್ರಶ್ನೆ ಕೇಳಿದರೆ ಎಲ್ಲರ ಕೈಯೂ ಮೇಲೇಳುತ್ತದೆ. ನಮ್ಮ ಗೇರುಸೊಪ್ಪದಲ್ಲಿ ಹಾಗಲ್ಲ. ಇಲ್ಲಿಂದ ಕಡಲು ಸುಮಾರು 30 ಕಿ.ಮೀ. ದೂರ. ಜಾತ್ರೆಗೋ ಪ್ರವಾಸಕ್ಕೋ ಹೋದಾಗ ತೆರೆಯಲ್ಲಿ ಕಾಲು ತೋಯಿಸಿ ಬಂದವರೇ ಹೆಚ್ಚು. ನೀರಿನ ಒಳಗೆ ಏನಿದೆ ಎಂದು ನೋಡಿದವರು ಇಲ್ಲ. ನಾನೂ ನೋಡಿರಲಿಲ್ಲ.

2022ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ಗುಡ್ಡಕ್ಕೆ ಹೋದೆ. ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ದ್ವೀಪ ಅದು. ಕಣ್ಣಿಗೆ ಗಾಜಿನ ಮುಖವಾಡ ಕಟ್ಟಿಕೊಂಡು ನೀರಿನಲ್ಲಿ ಮುಖ ಇಟ್ಟಾಗ ಮೊದಲು ಕಂಡದ್ದು ಬಂಡೆಯ ಮೇಲೆ ಬೆಳೆದಿದ್ದ ಹವಳ. ಚಿತ್ರದಲ್ಲಿ ನೋಡಿದಂತೆ ಕೆಂಪಗೆ ಇರಲಿಲ್ಲ. ಕಂದು, ಹಸಿರು, ಮಾಸಲು ಹಳದಿ. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಕಡಲೆಕಾಳಿಗಿಂತ ಚಿಕ್ಕದಾದ ಸಾವಿರಾರು ಪ್ರಾಣಿಗಳು ಒಟ್ಟಾಗಿ ಕಟ್ಟಿಕೊಂಡ ವಠಾರ ಅದು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಅನ್ನು ಹೀರಿ ಅವು ತಮ್ಮ ಕೆಳಗೆ ಸುಣ್ಣದ ಮನೆ ಕಟ್ಟುತ್ತವೆ. ಅವುಗಳ ಮೈಯೊಳಗೆ ಅತಿ ಸಣ್ಣ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುತ್ತದೆ. ನೀರು ವಿಪರೀತ ಬಿಸಿಯಾದರೆ ಈ ಜೊತೆಗಾರಿಕೆ ಮುರಿದು, ಪಾಚಿ ಹೊರಬಿದ್ದು, ಹವಳ ಬೆಳ್ಳಗಾಗುತ್ತದೆ.

ಮನೆಗೆ ಬಂದ ಮೇಲೂ ಅದೇ ಗುಂಗು. ಇದನ್ನು ನಮ್ಮ ಮಕ್ಕಳಿಗೆ ತೋರಿಸಬೇಕಲ್ಲ!

ಆಗ ನಮ್ಮ ಮನೆಯ ನೆಲಮಾಳಿಗೆಯ ರಿಪೇರಿ ನಡೆದಿತ್ತು. ನಮ್ಮದು ಗುಡ್ಡದ ಇಳಿಜಾರಿನ ಮನೆ. ಎದುರಿನಿಂದ ನೋಡಿದರೆ ಒಂದೇ ಅಂತಸ್ತು, ಹಿಂದಿನಿಂದ ಎರಡು. ಕೆಳಗಿನ ಕೋಣೆಯ ಅರ್ಧ ಮಣ್ಣಿನೊಳಗಿದೆ. ಅಜ್ಜನ ಕಾಲದಲ್ಲಿ ಅಡಿಕೆ ಮೂಟೆ, ತೆಂಗಿನಕಾಯಿ ಅಲ್ಲಿರುತ್ತಿದ್ದವು. ಮಳೆಗಾಲದಲ್ಲಿ ಚಿರೆಕಲ್ಲಿನ ಗೋಡೆ ಒರತೆಯಂತೆ ಜಿನುಗುತ್ತಿದ್ದುದರಿಂದ, ಗೋಡೆಯ ಹೊರಗೆ ಕಾಲುವೆ ತೋಡಿ ನೆಲಕ್ಕೆ ಹೊಸದಾಗಿ ಕಾಂಕ್ರೀಟ್ ಹಾಕಿಸುತ್ತಿದ್ದೆವು. ಇಲ್ಲೇ ಒಂದು ದೊಡ್ಡ ಗಾಜಿನ ತೊಟ್ಟಿ ಕಟ್ಟಿ ಸಮುದ್ರದ ನೀರು ತುಂಬಿಸಿದರೆ ಹೇಗೆ? ಮೂರು ಕಡೆ ಮಣ್ಣು ಇರುವುದರಿಂದ ಬೇಸಿಗೆಯಲ್ಲೂ ಕೋಣೆ ತಂಪು. ಬಿಸಿಲು ನೇರವಾಗಿ ಬೀಳದ ಕಾರಣ ಗಾಜಿಗೆ ಪಾಚಿ ಹಿಡಿಯುವುದೂ ಕಡಿಮೆ. ಭಾರದ ಮಾತು ಬೇರೆ. ತೊಟ್ಟಿಯ ಉದ್ದ 180 ಸೆಂ.ಮೀ., ಅಗಲ 60, ನೀರಿನ ಆಳ 50. ಗುಣಿಸಿ ನೋಡಿ: 5,40,000 ಘನ ಸೆಂ.ಮೀ., ಅಂದರೆ 540 ಲೀಟರ್. ಒಂದು ಲೀಟರ್ ಸಮುದ್ರದ ನೀರಿನ ತೂಕ ಸುಮಾರು 1.025 ಕಿ.ಗ್ರಾಂ. ಒಟ್ಟು 553 ಕಿ.ಗ್ರಾಂ. ಆಯಿತು! ಹನ್ನೊಂದು ಅಕ್ಕಿ ಮೂಟೆ ಒಂದೇ ಕಡೆ ಇಟ್ಟಂತೆ. ಮೇಲಿನ ಹಲಗೆಯ ಅಟ್ಟದಲ್ಲಿ ಇದನ್ನು ಇಡಲಾದೀತೇ?

"ಎಂತಾ ಹುಚ್ಚೋ ನಿಂದು? ಸಮುದ್ರ ಇದ್ದಲ್ಲೇ ಇರ್ಲಿ" ಎಂದರು ಆಯಿ.

ಆಯಿಯ ಮಾತಿನಲ್ಲಿ ಅರ್ಧ ನಿಜವಿತ್ತು. ಹವಳವನ್ನು ಮನೆಗೆ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹುಲಿ ಇದೆ. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ ಅದೇ ಅನುಸೂಚಿಗೆ ಸೇರಿಸಲಾಯಿತು. ಸತ್ತ ಹವಳದ ಬಿಳಿ ತುಂಡನ್ನೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಇಷ್ಟು ಕಟ್ಟುನಿಟ್ಟು ಏಕೆ ಎಂದು ಕೇಳಬಹುದು. ಗಾಜಿನ ತೊಟ್ಟಿಯಲ್ಲಿ ಕಡಲಜೀವಿಗಳನ್ನು ಇಟ್ಟು ಅಧ್ಯಯನ ಮಾಡಿದವರಲ್ಲಿ ಮೊದಲಿಗರು ಫ್ರಾನ್ಸಿನ ಜೀನ್ ವಿಲ್ಪ್ರ್ಯೂ-ಪವರ್ ಎಂಬ ಮಹಿಳೆ. 1832ರಲ್ಲಿ, ಇಟಲಿಯ ಸಿಸಿಲಿ ದ್ವೀಪದಲ್ಲಿ. ಮುಂದೆ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಇದರ ಬಗ್ಗೆ ಒಂದು ಪುಸ್ತಕ ಬರೆದರು. ಅದು ಬಹಳ ಜನಪ್ರಿಯವಾಯಿತು. ಊರಿನ ಜನರೆಲ್ಲ ಬಕೆಟ್ ಹಿಡಿದು ಕಡಲತೀರಕ್ಕೆ ಹೊರಟರು. ಅವರು ಹೊತ್ತೊಯ್ದ ರಭಸಕ್ಕೆ ತೀರದ ಕಲ್ಲುಹೊಂಡಗಳೇ ಬರಿದಾದವು ಎಂದು ಗಾಸ್ ಅವರ ಮಗ 1907ರಲ್ಲಿ ಬರೆದಿದ್ದಾರೆ. ನೋಡುವ ಪ್ರೀತಿಯಿಂದಲೇ ಹಾಗಾಯಿತು.

ಆದ್ದರಿಂದ ನಮ್ಮದು ಹವಳವಿಲ್ಲದ ದಿಬ್ಬ ಎಂದು ತೀರ್ಮಾನಿಸಿದೆ. ದಿಬ್ಬಕ್ಕೆ ಕಲ್ಲು ಯಾವುದು? ಅಂಗಳದಲ್ಲಿ ಚಿರೆಕಲ್ಲಿನ ಚೂರುಗಳ ರಾಶಿಯೇ ಇತ್ತು. ಆದರೆ ಅದು ಕಬ್ಬಿಣದ ಅಂಶದ ಕಲ್ಲು. ನಮಗೆ ಬೇಕಾದ್ದು ಸುಣ್ಣದ ಅಂಶ. ಪತ್ತೆಹಚ್ಚುವುದು ಸುಲಭ, ನೀವೂ ಮಾಡಿ ನೋಡಿ. ಚಿಪ್ಪಿಯ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ನೊರೆ ಬರುತ್ತದೆ. ಚಿರೆಕಲ್ಲಿನ ಮೇಲೆ ಬರುವುದಿಲ್ಲ. ಆ ನೊರೆ ಕಾರ್ಬನ್ ಡೈಆಕ್ಸೈಡ್. ಏಳನೇ ತರಗತಿಯ ಒಬ್ಬ ಹುಡುಗ ಅಂದಿನಿಂದ ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡೇ ಓಡಾಡತೊಡಗಿದ. ಶಾಲೆಯ ಗೋಡೆ, ದೇವಸ್ಥಾನದ ಕಟ್ಟೆ ಯಾವುದನ್ನೂ ಅವನು ಬಿಡಲಿಲ್ಲ. ಕೊನೆಗೆ ತೀರದಲ್ಲಿ ಬಿದ್ದಿದ್ದ ಬೆಳಚಿನ ಖಾಲಿ ಚಿಪ್ಪುಗಳನ್ನು ಎರಡು ಚೀಲ ಆರಿಸಿ ತಂದೆವು. ಶಂಖದಂಥ ಸುರುಳಿ ಚಿಪ್ಪುಗಳನ್ನು ಮುಟ್ಟಲಿಲ್ಲ, ಅವು ಸನ್ಯಾಸಿ ಏಡಿಗಳಿಗೆ ಮನೆಯಾಗಬೇಕು. ಮನೆಯ ಮಾಡಿನಿಂದ ಇಳಿಸಿದ್ದ ಒಡಕು ಮಂಗಳೂರು ಹೆಂಚುಗಳನ್ನು ಗುಹೆಯಂತೆ ಜೋಡಿಸಿ, ಮೇಲೆ ಚಿಪ್ಪು ಸುರಿದೆವು.

ಇನ್ನು ನೀರು. ಮೊದಲ ಸಲ ಹೊನ್ನಾವರದ ಶರಾವತಿ ಸೇತುವೆಯ ಸಮೀಪ ತುಂಬಿಸಿಕೊಂಡೆ. ಕಡಲು ಎದುರಿಗೇ ಕಾಣುತ್ತಿತ್ತು. ಮನೆಗೆ ತಂದು ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟರೆ ಅದು ಆಳಕ್ಕೆ ಮುಳುಗಿತು. ಉಪಕರಣವೇ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ನೀರಿನಲ್ಲೇ ಉಪ್ಪು ಸಾಲದು!

ಕಾರಣ ನಮ್ಮೂರಿನಲ್ಲೇ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಮಳೆಗಾಲದ ನೀರನ್ನು ಅಲ್ಲಿ ಹಿಡಿದಿಟ್ಟು, ವಿದ್ಯುತ್ತಿಗಾಗಿ ಬೇಸಿಗೆಯಲ್ಲೂ ಬಿಡುತ್ತಾರೆ. ಆ ನೀರು ಗೇರುಸೊಪ್ಪದ 240 ಮೆಗಾವಾಟ್ ವಿದ್ಯುದಾಗಾರವನ್ನೂ ದಾಟಿ ಕೆಳಗೆ ಹೋಗುತ್ತದೆ. ಅಣೆಕಟ್ಟು ಇಲ್ಲದ ಹೊಳೆ ಬೇಸಿಗೆಯಲ್ಲಿ ಬಡವಾಗುತ್ತದೆ, ಭರತದಲ್ಲಿ ಉಪ್ಪುನೀರು ಒಳಗೆ ಬರುತ್ತದೆ. ಪಕ್ಕದ ಅಘನಾಶಿನಿ ಈಗಲೂ ಹಾಗೆಯೇ ಇದೆ. ಶರಾವತಿಯ ಅಳಿವೆಯಲ್ಲಿ ಸಿಹಿನೀರಿನ ತಳ್ಳಾಟ ವರ್ಷವಿಡೀ ಇರುತ್ತದೆ. ಇದರಿಂದ ಶರಾವತಿಯಲ್ಲಿ ಚಿಪ್ಪಿಜೀವಿಗಳು ಕಡಿಮೆಯಾಗಿವೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ ಬರೆದಿದ್ದಾರೆ. ನಾವು ಸ್ವಿಚ್ ಹಾಕುವುದಕ್ಕೂ ಅಳಿವೆಯ ಬೆಳಚಿಗೂ ಇಂಥ ಸಂಬಂಧ ಇದೆ ಎಂದು ನನಗೆ ಅರ್ಥವಾಗಿದ್ದು ಆ ಮುಳುಗಿದ ಹೈಡ್ರೋಮೀಟರ್‌ನಿಂದ.

"ಸರ್, ಸಾಣಿಕಟ್ಟೆ ಉಪ್ಪು ಹಾಕಿದರೆ ಆಗುವುದಿಲ್ಲವೇ?" ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಗದ್ದೆಯಲ್ಲಿ ಸಮುದ್ರದ ನೀರು ಆರುವಾಗ ಕ್ಯಾಲ್ಸಿಯಂನ ಲವಣಗಳು ಮೊದಲು ತಳಕ್ಕೆ ಕೂರುತ್ತವೆ. ಆಮೇಲೆ ಅಡುಗೆ ಉಪ್ಪು. ಮೆಗ್ನೀಸಿಯಂ ಲವಣಗಳು ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಇರುತ್ತವೆ. ಆದ್ದರಿಂದ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ಉಪ್ಪುನೀರು ಸಿಗುತ್ತದೆ, ಸಮುದ್ರ ಸಿಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ಕುಮಟಾ ತಾಲ್ಲೂಕಿನ ಧಾರೇಶ್ವರದ ತೀರಕ್ಕೆ ಟೆಂಪೋದಲ್ಲಿ ನೀಲಿ ಡ್ರಮ್ಮುಗಳನ್ನು ಒಯ್ದು ತೆರೆದ ಕಡಲಿನ ನೀರು ತಂದೆವು. ಲೀಟರಿಗೆ ಸುಮಾರು 35 ಗ್ರಾಂ ಲವಣ. ಈ ಸಲ ಹೈಡ್ರೋಮೀಟರ್ ಸರಿಯಾದ ಗೆರೆಯಲ್ಲಿ ನಿಂತಿತು.

ಈಗ ನನ್ನ ತಪ್ಪನ್ನು ಹೇಳಬೇಕು. ನೀರು ತುಂಬಿದ ಒಂಬತ್ತನೇ ದಿನವೇ ಮೀನು ತಂದುಬಿಟ್ಟೆ. ಬಲೆ ಎಳೆಯುವವರು ಮರಳಿನ ಮೇಲೆ ಬಿಟ್ಟುಹೋಗುವ ಸಣ್ಣ ಮೀನುಗಳು, ಮೈಮೇಲೆ ಕಪ್ಪು ಪಟ್ಟೆ ಇದ್ದವು. "ಮಾಸ್ತರ್ರೇ, ಇದು ಸಾರಿಗೂ ಆಗೂದಿಲ್ಲ, ನಿಮಗೆ ಎಂತಕ್ಕೆ?" ಎಂದು ಒಬ್ಬರು ನಕ್ಕರು. ಆರು ಮೀನು ತಂದೆ. ಮೂರನೇ ದಿನ ಅವು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ನಾಲ್ಕನೇ ದಿನ ಬೆಳಿಗ್ಗೆ ಒಂದೂ ಉಳಿದಿರಲಿಲ್ಲ. ಶಾಲೆಯ ಮಕ್ಕಳು ಅಂದೇ ನೋಡಲು ಬರುವವರಿದ್ದರು.

ನೀರು ಕನ್ನಡಿಯಂತೆ ತಿಳಿಯಾಗಿತ್ತು. ಆದರೆ ಪರೀಕ್ಷೆಯ ಹನಿ ಹಾಕಿದರೆ ಹಳದಿ ಬಣ್ಣ ಕಡು ಹಸಿರಾಯಿತು. ಅಮೋನಿಯ! ಮೀನು ಕಿವಿರಿನ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಕಡಲಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ನನ್ನ ಹೊಸ ತೊಟ್ಟಿಯಲ್ಲಿ ಆ ಕೆಲಸಗಾರರು ಇನ್ನೂ ಬೆಳೆದಿರಲಿಲ್ಲ. ಎಂ.ಎಸ್ಸಿ. ಪರೀಕ್ಷೆಯಲ್ಲಿ ಸಾರಜನಕ ಚಕ್ರವನ್ನು ಬಾಣದ ಗುರುತು ಹಾಕಿ ಚೆಂದವಾಗಿ ಬರೆದವನು ನಾನು. ಹೆಂಚು ಗಾರೆಯ ಆತುರದಲ್ಲಿ ಅದು ನೆನಪಾಗಲಿಲ್ಲ. ಸತ್ತ ಮೀನುಗಳನ್ನು ತೆಂಗಿನ ಬುಡದಲ್ಲಿ ಹೂತು, ಬಂದ ಮಕ್ಕಳಿಗೆ ಇದ್ದದ್ದನ್ನೇ ಹೇಳಿದೆ.

ಆಮೇಲೆ ಕಾಯುವ ಕೆಲಸ. ಬ್ಯಾಕ್ಟೀರಿಯಾಗಳಿಗೆ ಆಹಾರವಾಗಲೆಂದು ಒಂದು ತುಂಡು ಸಿಗಡಿಯನ್ನು ನೀರಿನಲ್ಲಿ ಕೊಳೆಯಲು ಬಿಟ್ಟೆ. ಆಯಿ ಆ ವಾರವೆಲ್ಲ ಕೆಳಗೆ ಇಳಿಯಲಿಲ್ಲ. ಮಕ್ಕಳು ಸರದಿಯಲ್ಲಿ ಬಂದು ಪರೀಕ್ಷೆ ಮಾಡಿ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟರು. ಅಮೋನಿಯದ ಗೆರೆ ಗುಡ್ಡದಂತೆ ಏರಿ ಇಳಿಯಿತು. ಅದು ಇಳಿಯುವಾಗ ನೈಟ್ರೈಟಿನ ಗುಡ್ಡ ಎದ್ದಿತು. ಅದೂ ಇಳಿದು ಎರಡೂ ಸೊನ್ನೆಗೆ ಬರಲು ಆರು ವಾರ ಬೇಕಾಯಿತು. ಬ್ಯಾಕ್ಟೀರಿಯಾಗಳು ಹೆಂಚಿನ, ಚಿಪ್ಪಿನ ಒರಟು ಮೈಗೆ ಅಂಟಿಕೊಂಡು ಬೆಳೆಯುತ್ತವೆ. 1960ರ ದಶಕದ ಆರಂಭದಲ್ಲೇ ಇಂಡೊನೇಷ್ಯಾದ ಲೀ ಚಿನ್ ಎಂಗ್ ಎಂಬವರು ಜೀವಂತ ಕಡಲಕಲ್ಲು ಮತ್ತು ಗಾಳಿಗುಳ್ಳೆ ಇಷ್ಟರಿಂದಲೇ ಕಡಲ ತೊಟ್ಟಿಯನ್ನು ಕಾಪಾಡಿ ತೋರಿಸಿದ್ದರು. ಮೇ ತಿಂಗಳಲ್ಲಿ ಎರಡೇ ಮೀನು, ಒಂದು ಸನ್ಯಾಸಿ ಏಡಿ, ನಾಲ್ಕು ಸಣ್ಣ ಬಸವನಹುಳು ತಂದೆವು. ಅವು ಬದುಕಿದವು. ನೀರು ಆವಿಯಾಗಿ ಕಡಿಮೆಯಾದಾಗ ಏನು ತುಂಬಿಸಬೇಕು ಎಂದು ಕೇಳಿದರೆ ಎಲ್ಲರೂ "ಸಮುದ್ರದ ನೀರು" ಎಂದರು. ಯೋಚಿಸಿ: ಆವಿಯಾಗಿ ಹೋದದ್ದು ನೀರು ಮಾತ್ರ, ಉಪ್ಪು ಅಲ್ಲೇ ಇದೆ. ಬಾವಿಯ ನೀರೇ ಸಾಕು.

ಜುಲೈನಲ್ಲಿ ಒಂದು ರಾತ್ರಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯಿತು. ವಿದ್ಯುತ್ ಹುಟ್ಟುವ ಊರಾದರೂ ತಂತಿಗೆ ಮರ ಬಿದ್ದರೆ ನಮಗೂ ಕತ್ತಲೆಯೇ. ರಾತ್ರಿ ಎರಡು ಗಂಟೆಗೆ ಇನ್ವರ್ಟರ್ ಕೂಡ ನಿಂತಿತು. ಗಾಳಿಗುಳ್ಳೆ ಬರುವ ಪಂಪು ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. 28 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8 ಮಿ.ಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. ಸಮುದ್ರದ ನೀರಿಗೆ ಆಗುವುದು ಆರು ಚಿಲ್ಲರೆ ಮಾತ್ರ. ನಾನು, ನನ್ನ ಹೆಂಡತಿ, ಮಗಳು ಸರದಿಯಂತೆ ಮಗ್ಗಿನಿಂದ ನೀರು ಎತ್ತಿ ಎತ್ತರದಿಂದ ಸುರಿಯತೊಡಗಿದೆವು. ಸುರಿದ ನೀರು ಗಾಳಿಯನ್ನು ಒಳಗೆ ಒಯ್ಯುತ್ತದೆ. ನಾಲ್ಕು ಗಂಟೆಗೆ ಮೆಟ್ಟಿಲಲ್ಲಿ ದೀಪ ಕಂಡಿತು. ಆಯಿ ತಾಮ್ರದ ಚೊಂಬು ಹಿಡಿದು ಇಳಿದು ಬರುತ್ತಿದ್ದರು! "ಕೈ ನೋಯ್ತದೆ ನಿಂಗೆ, ಸರಿ ಆಚೆ" ಎಂದರು. ತಾಮ್ರ ಬೇಡವೆಂದು ಕೂಗಿದೆ. ತಾಮ್ರದ ಅಂಶ ಸ್ವಲ್ಪ ನೀರಿಗೆ ಸೇರಿದರೂ ಏಡಿ, ಬಸವನಹುಳುಗಳಿಗೆ ವಿಷ. ಪ್ಲಾಸ್ಟಿಕ್ ತಂಬಿಗೆ ಕೊಟ್ಟ ಮೇಲೆ ಬೆಳಗಿನವರೆಗೂ ಅವರೇ ಸುರಿದರು.

ಮೊನ್ನೆ ಮಕ್ಕಳು ಬಂದಾಗ ಒಬ್ಬಳು ಗಾಜಿಗೆ ಮೂಗು ಒತ್ತಿ, "ಸರ್, ಇದನ್ನು ಯಾವಾಗ ತಂದಿರಿ?" ಎಂದಳು. ಬೆಳಚಿನ ಚಿಪ್ಪೊಂದರ ಮೇಲೆ ಸಾಸಿವೆಯಷ್ಟು ದೊಡ್ಡ ಬಿಳಿ ಸುರುಳಿಗಳು, ಹತ್ತಿಪ್ಪತ್ತು. ನಾನು ತಂದದ್ದಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಸುರುಳಿಯ ಬಾಯಿಂದ ಸಣ್ಣ ಬೀಸಣಿಗೆಯಂಥದ್ದು ಹೊರಬಂದು, ನೆರಳು ಬಿದ್ದೊಡನೆ ಒಳಸೇರುತ್ತಿತ್ತು. ಕೊಳವೆ ಹುಳುಗಳು! ಕಣ್ಣಿಗೆ ಕಾಣದ ಮರಿಗಳಾಗಿ ಕಡಲ ನೀರಿನ ಜೊತೆ ಬಂದು, ನೀರಿನ ಕ್ಯಾಲ್ಸಿಯಂನಿಂದ ಇಲ್ಲಿ ಮನೆ ಕಟ್ಟಿಕೊಂಡಿದ್ದವು.

ನಿಂಬೆಹಣ್ಣಿನ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಅವನೂ ಬಂದಿದ್ದ. ಜೇಬಿಗೆ ಕೈಹಾಕಿದ. ನಾನು ಏನಾದರೂ ಹೇಳುವ ಮೊದಲೇ ಮೂಗು ಒತ್ತಿದ್ದ ಹುಡುಗಿ ಅವನ ಕೈ ಹಿಡಿದುಕೊಂಡಳು. "ಬೇಡ ಅಣ್ಣ, ಅದರೊಳಗೆ ಜನ ಇದ್ದಾರೆ" ಎಂದಳು.